ಅಕ್ಟೋಬರ್ 21: ಹೆಸರು ಓದಿದ ಮೇಲೆ ಏನಾಗುತ್ತೆ?

ಅಕ್ಟೋಬರ್ ತಿಂಗಳು ಅಂದ್ರೆ ನಮಗೆಲ್ಲ ಇಂಟರ್ನಲ್ಸ್, ದಸರಾ ರಜೆ, ಅದು ಮುಗಿಯುತ್ತಿದ್ದಂತೆ ರಾಜ್ಯೋತ್ಸವದ ಪ್ರಾಕ್ಟೀಸ್. ಇದರ ಮಧ್ಯೆ 21ನೇ ತಾರೀಕು ಬಂದು ಹೋಗೋದು ಹೆಚ್ಚಿನವರಿಗೆ ಗೊತ್ತೇ ಆಗಲ್ಲ. ಮರುದಿನದ ಪತ್ರಿಕೆಯಲ್ಲಿ ಒಂದು ಫೋಟೋ ಇರುತ್ತೆ. ಸ್ಮಾರಕದ ಮುಂದೆ ಹೂಗುಚ್ಛ, ಹಿಂದೆ ತಲೆ ಬಗ್ಗಿಸಿ ನಿಂತ ಖಾಕಿ ಸಾಲು, ಕೆಳಗೆ 'ಪೊಲೀಸ್ ಹುತಾತ್ಮರ ದಿನಾಚರಣೆ' ಅಂತ ಎರಡು ಸಾಲಿನ ಸುದ್ದಿ. ನಾವು ಪುಟ ತಿರುಗಿಸುತ್ತೇವೆ.

ಈ ಸಲ ಪುಟ ತಿರುಗಿಸೋ ಮೊದಲು ಮೂರು ಪ್ರಶ್ನೆ ಕೇಳೋಣ. ಈ ದಿನ ಎಲ್ಲಿಂದ ಬಂತು? ಅವತ್ತು ಏನು ಮಾಡ್ತಾರೆ? ಹೆಸರು ಓದಿ ಮುಗಿದ ಮೇಲೆ, ಆ ಹೆಸರಿನ ಹಿಂದೆ ಇರೋ ಮನೆಯವರಿಗೆ ಏನು ಸಿಗುತ್ತೆ? ಮೂರನೇ ಪ್ರಶ್ನೆಯೇ ಮುಖ್ಯ. ಆದರೆ ಅದು ಅರ್ಥ ಆಗಬೇಕಾದರೆ ಮೊದಲೆರಡಕ್ಕೆ ಉತ್ತರ ಗೊತ್ತಿರಬೇಕು.

ಲಡಾಖ್‌ನಲ್ಲಿ ಶುರುವಾದ ಕಥೆ

1959ರಲ್ಲಿ ಟಿಬೆಟ್ ಕಡೆಯ ನಮ್ಮ ಗಡಿಯನ್ನು ಕಾಯುತ್ತಿದ್ದದ್ದು ಪೊಲೀಸರು. ಗಡಿ ಅಂದ ತಕ್ಷಣ ಸೈನ್ಯ ಅಂತ ಯೋಚಿಸುವ ನಮಗೆ ಇದು ಆಶ್ಚರ್ಯ ಅನ್ನಿಸಬಹುದು. ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಅನ್ನೋ ಜಾಗ ಸಮುದ್ರ ಮಟ್ಟದಿಂದ 15,000 ಅಡಿಗೂ ಎತ್ತರದಲ್ಲಿದೆ. ಅಕ್ಟೋಬರ್ 20ರಂದು ಅಲ್ಲಿಂದ ಮೂರು ತಂಡಗಳು ಮುಂದಿನ ದಾರಿ ನೋಡಿಕೊಂಡು ಬರಲು ಹೊರಟವು. ಮಧ್ಯಾಹ್ನದ ಹೊತ್ತಿಗೆ ಎರಡು ತಂಡ ವಾಪಸ್ ಬಂದವು. ಇಬ್ಬರು ಕಾನ್‌ಸ್ಟೆಬಲ್ ಮತ್ತು ಒಬ್ಬ ಹಮಾಲಿ ಇದ್ದ ಮೂರನೇ ತಂಡ ಬರಲೇ ಇಲ್ಲ.

ಮರುದಿನ, ಅಂದರೆ 21ರ ಬೆಳಿಗ್ಗೆ, ಕರಮ್ ಸಿಂಗ್ ಅನ್ನೋ ಅಧಿಕಾರಿ ತಮ್ಮಲ್ಲಿದ್ದ ಸುಮಾರು ಇಪ್ಪತ್ತು ಜನರನ್ನು ಕರೆದುಕೊಂಡು ಕಾಣೆಯಾದವರನ್ನು ಹುಡುಕಲು ಹೋದರು. ಗುಡ್ಡದ ಮೇಲಿದ್ದ ಚೀನಾ ಸೈನಿಕರು ಗುಂಡು ಹಾರಿಸಿದರು. ಕೆಳಗೆ ಬಯಲಲ್ಲಿ ಇದ್ದವರಿಗೆ ಮರೆಯಾಗಲು ಜಾಗವೇ ಇರಲಿಲ್ಲ. ಸಿಆರ್‌ಪಿಎಫ್‌ನ ಹತ್ತು ಮಂದಿ ಅಲ್ಲೇ ಸತ್ತರು, ಕೆಲವರು ಸೆರೆಯಾದರು. ಸತ್ತವರ ದೇಹಗಳನ್ನು ಚೀನಾ ವಾಪಸ್ ಕೊಟ್ಟಿದ್ದು ನವೆಂಬರ್ 13ಕ್ಕೆ, ಅಂದರೆ ಮೂರು ವಾರ ಕಳೆದ ಮೇಲೆ. ಹಾಟ್ ಸ್ಪ್ರಿಂಗ್ಸ್‌ನಲ್ಲೇ ಪೊಲೀಸ್ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.

1960ರ ಜನವರಿಯಲ್ಲಿ ಎಲ್ಲ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸಭೆ ಸೇರಿ, ಇನ್ನು ಮುಂದೆ ಅಕ್ಟೋಬರ್ 21 ದೇಶದ ಎಲ್ಲ ಹುತಾತ್ಮ ಪೊಲೀಸರ ನೆನಪಿನ ದಿನ ಅಂತ ತೀರ್ಮಾನಿಸಿದರು. ಕಾಣೆಯಾದ ಮೂವರನ್ನು ಹುಡುಕಲು ಹೋದವರ ಸಾವಿನಿಂದ ಹುಟ್ಟಿದ ದಿನ ಇದು. ಇದನ್ನು ನೆನಪಿಟ್ಟುಕೊಂಡರೆ ಪರೇಡ್ ಬೇರೆ ಥರ ಕಾಣುತ್ತೆ.

ಅವತ್ತು ಏನು ಮಾಡ್ತಾರೆ?

ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಸಿಎಆರ್ ಮೈದಾನದ ಪೊಲೀಸ್ ಹುತಾತ್ಮರ ಉದ್ಯಾನದಲ್ಲಿ ರಾಜ್ಯ ಮಟ್ಟದ ಕಾರ್ಯಕ್ರಮ ನಡೆಯುತ್ತೆ. ಜಿಲ್ಲೆಗಳಲ್ಲೂ ಅವತ್ತೇ ಇರುತ್ತೆ. ಪರೇಡ್‌ನಲ್ಲಿ ನಿಂತವರು ರೈಫಲ್‌ಗಳನ್ನು ತಲೆಕೆಳಗಾಗಿ ಹಿಡಿಯುತ್ತಾರೆ. ಅದು ಶೋಕದ ಗುರುತು. ಗಾಳಿಯಲ್ಲಿ ಮೂರು ಸುತ್ತು ಗುಂಡು, ಬ್ಯೂಗಲ್, ಮೌನ, ಹೂಗುಚ್ಛ. ಇವೆಲ್ಲ ನಾವು ಟಿವಿಯಲ್ಲಿ ನೋಡಿರುತ್ತೇವೆ.

ಆದರೆ ಕಾರ್ಯಕ್ರಮದ ಜೀವ ಇರೋದು ಹೆಸರುಗಳ ಪಟ್ಟಿಯಲ್ಲಿ. ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ಕರ್ತವ್ಯದಲ್ಲಿ ಸತ್ತ ದೇಶದ ಪೊಲೀಸರ ಹೆಸರುಗಳನ್ನು ಓದುತ್ತಾರೆ. 2024ರ ಪಟ್ಟಿಯಲ್ಲಿ 216 ಹೆಸರುಗಳಿದ್ದವು.

ದೆಹಲಿಯ ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ರಾಷ್ಟ್ರೀಯ ಪೊಲೀಸ್ ಸ್ಮಾರಕ ಉದ್ಘಾಟನೆ ಆಯಿತು. 30 ಅಡಿ ಎತ್ತರದ, 238 ಟನ್ ತೂಕದ ಕಪ್ಪು ಗ್ರಾನೈಟ್ ಶಿಲ್ಪ ಅದರ ಮಧ್ಯದಲ್ಲಿದೆ. ಸಿವಿಲ್ ಬ್ರಾಂಚಿನವರು ಅದರ ಫೌಂಡೇಶನ್ ಬಗ್ಗೆ ಯೋಚಿಸಲಿ, ಉಳಿದವರು ಪಕ್ಕದ ಶೌರ್ಯದ ಗೋಡೆ ನೋಡೋಣ. ಸ್ವಾತಂತ್ರ್ಯ ಬಂದಾಗಿನಿಂದ ಸತ್ತವರ 34,844 ಹೆಸರುಗಳು ಉದ್ಘಾಟನೆಯ ಹೊತ್ತಿಗೇ ಆ ಗೋಡೆಯ ಮೇಲಿದ್ದವು. 2024ಕ್ಕೆ ಒಟ್ಟು ಸಂಖ್ಯೆ 36 ಸಾವಿರ ದಾಟಿತ್ತು.

ನಮ್ಮ ಮಣ್ಣಿನ ಹೆಸರುಗಳು

ಆ ಗೋಡೆಗೆ ಕರ್ನಾಟಕವೂ ಹೆಸರು ಕೊಟ್ಟಿದೆ. 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ವೀರಪ್ಪನ್ ತಂಡ ಹೊಂಚು ಹಾಕಿ ಕೊಂದಿದ್ದು ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ನಾಲ್ವರು ಕಾನ್‌ಸ್ಟೆಬಲ್‌ಗಳನ್ನು. ವೀರಪ್ಪನ್ ಬಗ್ಗೆ ಸಿನಿಮಾ, ವೆಬ್ ಸೀರೀಸ್ ನೋಡಿದ ನಮ್ಮಲ್ಲಿ ಎಷ್ಟು ಜನಕ್ಕೆ ಆ ನಾಲ್ವರ ಹೆಸರು ಗೊತ್ತು? ಕೊಂದವನ ಮೀಸೆ ನೆನಪಿದೆ, ಸತ್ತವರ ಹೆಸರಿಲ್ಲ. ಪಟ್ಟಿ ಓದುವಾಗ ಮಾತ್ರ ಎಸ್‌ಪಿಗೂ ಕಾನ್‌ಸ್ಟೆಬಲ್‌ಗೂ ಒಂದೇ ಮರ್ಯಾದೆ.

2014ರ ಜನವರಿಯಲ್ಲಿ ಕಲಬುರಗಿಯಲ್ಲಿ ರೌಡಿಯನ್ನು ಹಿಡಿಯಲು ಹೋದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಗುಂಡೇಟು ತಿಂದು, ಒಂದು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. 2023ರ ಜೂನ್‌ನಲ್ಲಿ ಅದೇ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ನಿಂತ ಒಬ್ಬ ಹೆಡ್ ಕಾನ್‌ಸ್ಟೆಬಲ್ ಮೇಲೆ ಟ್ರ್ಯಾಕ್ಟರ್ ಹತ್ತಿಸಿದರು. ಇವು ಗಡಿಯ ಸಾವುಗಳಲ್ಲ, ಯುದ್ಧವೂ ಅಲ್ಲ. ನಮ್ಮ ಊರಿನ ರಸ್ತೆಯಲ್ಲಿ, ದಿನದ ಡ್ಯೂಟಿಯಲ್ಲಿ ಬಂದ ಸಾವುಗಳು. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತೆ.

ಹುತಾತ್ಮ ಅನ್ನೋ ಪದ ಫೈಲಿನಲ್ಲಿ ಇಲ್ಲ

ಈಗ ಮೂರನೇ ಪ್ರಶ್ನೆ. ಭಾಷಣದಲ್ಲಿ, ಬ್ಯಾನರಿನಲ್ಲಿ ನಾವೆಲ್ಲ 'ಹುತಾತ್ಮ' ಅಂತೀವಿ. ಆದರೆ ಇದು ಸರ್ಕಾರಿ ಪರಿಭಾಷೆಯ ಪದ ಅಲ್ಲ ಅಂತ ಕೇಂದ್ರದ ಗೃಹ ಮತ್ತು ರಕ್ಷಣಾ ಸಚಿವಾಲಯಗಳು 2017ರಲ್ಲಿ ಕೇಂದ್ರ ಮಾಹಿತಿ ಆಯೋಗದ ಮುಂದೆ ಹೇಳಿದವು. ಫೈಲಿಗೆ ಬೇಕಾಗೋದು ಬೇರೆ ಪ್ರಶ್ನೆಗಳ ಉತ್ತರ: ಸಾವು ಹೇಗೆ ಆಯಿತು? ಆಗ ಡ್ಯೂಟಿಯಲ್ಲಿ ಇದ್ದರಾ? ಯಾವ ಥರದ ಡ್ಯೂಟಿ?

ಈ ಉತ್ತರಗಳ ಬೆಲೆ ಎಷ್ಟು ಅಂತ ಒಂದು ಉದಾಹರಣೆ ನೋಡಿ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಿಗೆ 2016ರ ಪರಿಷ್ಕರಣೆಯಲ್ಲಿ ನಿಗದಿಯಾದ ಪರಿಹಾರ ಎರಡು ಥರ. ಕಾರ್ಯಾಚರಣೆಯಂಥ ಸಕ್ರಿಯ ಕರ್ತವ್ಯದಲ್ಲಿ ಸತ್ತರೆ 35 ಲಕ್ಷ, ಸಾಮಾನ್ಯ ಕರ್ತವ್ಯದಲ್ಲಿ ಸತ್ತರೆ 25 ಲಕ್ಷ. ಅಂದರೆ ವರದಿಯಲ್ಲಿನ ಒಂದು ಪದಕ್ಕೆ ಹತ್ತು ಲಕ್ಷ ರೂಪಾಯಿ. ಮನೆಯವರ ನಷ್ಟ ಮಾತ್ರ ಎರಡೂ ಕಡೆ ಒಂದೇ.

ಇನ್ನೊಂದು ತೊಡಕು ಇದೆ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ರಾಜ್ಯ ಪಟ್ಟಿಗೆ ಸೇರಿದ ವಿಷಯ. ಹಾಗಾಗಿ ಸಿಆರ್‌ಪಿಎಫ್ ಜವಾನನ ಮನೆಗೆ ಕೇಂದ್ರದ ನಿಯಮ, ನಮ್ಮ ಠಾಣೆಯ ಕಾನ್‌ಸ್ಟೆಬಲ್ ಮನೆಗೆ ರಾಜ್ಯದ ನಿಯಮ. ಪಕ್ಕದ ರಾಜ್ಯದಲ್ಲಿ ಮತ್ತೊಂದು ನಿಯಮ. ಪಟ್ಟಿ ಓದುವಾಗ ಎಲ್ಲರೂ ಸಮಾನ, ಪರಿಹಾರ ಕೊಡುವಾಗ ಹಾಗಿಲ್ಲ.

2017ರಲ್ಲಿ ಶುರುವಾದ 'ಭಾರತ್ ಕೆ ವೀರ್' ಪೋರ್ಟಲ್ ನೋಡಿ. ಇದರಲ್ಲಿ ನಾವು ಕೊಡೋ ಹಣ ಮಡಿದವರ ಕುಟುಂಬದ ಖಾತೆಗೆ ನೇರವಾಗಿ ಹೋಗುತ್ತೆ. ಒಂದೇ ಕುಟುಂಬಕ್ಕೆ ಎಲ್ಲವೂ ಹೋಗಬಾರದು ಅಂತ 15 ಲಕ್ಷದ ಮಿತಿ ಇಟ್ಟಿದ್ದಾರೆ. ಒಳ್ಳೆಯ ಡಿಸೈನ್. ಆದರೆ ಅದನ್ನು ಕಟ್ಟಿರೋದು ಮುಖ್ಯವಾಗಿ ಕೇಂದ್ರ ಪಡೆಗಳ ಕುಟುಂಬಗಳಿಗಾಗಿ.

ರಾಜ್ಯದಲ್ಲಿ ಏನಿದೆ?

ಒಂದು, ಪರಿಹಾರ ಮತ್ತು ಕುಟುಂಬ ಪಿಂಚಣಿ. ಎರಡು, ಅನುಕಂಪದ ಆಧಾರದ ಮೇಲೆ ಕೆಲಸ. 1996ರ ಕರ್ನಾಟಕ ನಿಯಮಗಳ ಪ್ರಕಾರ ಸೇವೆಯಲ್ಲಿದ್ದಾಗ ತೀರಿಕೊಂಡ ಸರ್ಕಾರಿ ನೌಕರರ ಅವಲಂಬಿತರಲ್ಲಿ ಒಬ್ಬರಿಗೆ ಗ್ರೂಪ್ ಸಿ ಅಥವಾ ಡಿ ಹುದ್ದೆ ಸಿಗಬಹುದು. ಅರ್ಜಿ ಹಾಕಲು ಸಮಯ ಒಂದು ವರ್ಷ. ಕೇಳೋಕೆ ಒಂದು ವರ್ಷ ಜಾಸ್ತಿ ಅನ್ನಿಸುತ್ತೆ. ಆದರೆ ಆ ವರ್ಷದಲ್ಲೇ ತಿಥಿ, ಮರಣ ಪ್ರಮಾಣಪತ್ರ, ಬ್ಯಾಂಕಿನ ಸಾಲ, ಖಾಲಿ ಮಾಡಬೇಕಾದ ಪೊಲೀಸ್ ಕ್ವಾರ್ಟರ್ಸ್, ಮಕ್ಕಳ ಶಾಲೆ ಎಲ್ಲವೂ ಬರುತ್ತೆ. ಎಷ್ಟೋ ಮನೆಗಳಲ್ಲಿ ಇಲಾಖೆಯ ಕಾಗದ ಪತ್ರ ಗೊತ್ತಿದ್ದ ಒಬ್ಬರೇ ವ್ಯಕ್ತಿ ತೀರಿಕೊಂಡವರೇ ಆಗಿರುತ್ತಾರೆ.

ಮೊದಲು ಈ ನಿಯಮದಲ್ಲಿ ಮದುವೆಯಾದ ಮಗಳಿಗೆ ಜಾಗ ಇರಲಿಲ್ಲ. ಮದುವೆಯಾದ ಮಗನಿಗೆ ಇತ್ತು! 2020ರಲ್ಲಿ ಕರ್ನಾಟಕ ಹೈಕೋರ್ಟ್ ಈ ತಾರತಮ್ಯ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ನಿಯಮ ಬದಲಾಗುತ್ತೆ, ಆದರೆ ಯಾರಾದರೂ ಕೇಳಬೇಕು.

ಮೂರು, ಕಲ್ಯಾಣ ನಿಧಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದಿದ್ದು 1965ರ ಏಪ್ರಿಲ್ 2ರಂದು. ಅದಕ್ಕೇ ಪ್ರತಿ ಏಪ್ರಿಲ್ 2 ನಮ್ಮಲ್ಲಿ ಪೊಲೀಸ್ ಧ್ವಜ ದಿನ. ಅವತ್ತು ಪುಟ್ಟ ಧ್ವಜಗಳನ್ನು ಮಾರಿ ಬಂದ ಹಣ ಪೊಲೀಸ್ ಕಲ್ಯಾಣಕ್ಕೆ ಹೋಗುತ್ತೆ.

ನಮ್ಮ ಬೆಂಚಿನಲ್ಲೇ ಕೂತಿರಬಹುದು

ನಾಲ್ಕನೆಯದು ನಮ್ಮಂಥವರಿಗೆ ನೇರವಾಗಿ ಸಂಬಂಧಿಸಿದ್ದು. ರಾಷ್ಟ್ರೀಯ ರಕ್ಷಣಾ ನಿಧಿಯಿಂದ ಕೊಡುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಮೊದಲು ಸೈನಿಕರು ಮತ್ತು ಕೇಂದ್ರ ಪಡೆಗಳವರ ಮಕ್ಕಳಿಗೆ ಸಿಗುತ್ತಿತ್ತು. 2019ರ ಮೇ 31ರಂದು ಅದನ್ನು ರಾಜ್ಯ ಪೊಲೀಸರ ಮಕ್ಕಳಿಗೂ ವಿಸ್ತರಿಸಿದರು. ವರ್ಷಕ್ಕೆ 500 ಜನಕ್ಕೆ, ಗಂಡುಮಕ್ಕಳಿಗೆ ತಿಂಗಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ ಅಂತ ಆಗ ನಿಗದಿ ಮಾಡಿದರು. ಇಂಜಿನಿಯರಿಂಗ್, ಮೆಡಿಕಲ್ ಥರದ ವೃತ್ತಿಪರ ಕೋರ್ಸ್ ಓದುವವರಿಗೆ ಇದು. ಪಿಯುಸಿಯಲ್ಲಿ ಶೇ. 60 ಇರಬೇಕು. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲೇ ಹಾಕಬೇಕು, ನಾವೆಲ್ಲ ಬೇರೆ ಸ್ಕಾಲರ್‌ಶಿಪ್‌ಗೆ ಲಾಗಿನ್ ಆಗ್ತೀವಲ್ಲ, ಅದೇ.

ಆದರೆ ಷರತ್ತು ಓದಿ: ಭಯೋತ್ಪಾದಕ ಅಥವಾ ನಕ್ಸಲ್ ದಾಳಿಯಲ್ಲಿ ಸತ್ತ ರಾಜ್ಯ ಪೊಲೀಸರ ಮಕ್ಕಳಿಗೆ ಮಾತ್ರ. ಈಗ ಮೇಲೆ ಹೇಳಿದ ಮರಳು ಟ್ರ್ಯಾಕ್ಟರ್ ನೆನಪಿಸಿಕೊಳ್ಳಿ. ರೌಡಿಯ ಗುಂಡು ನೆನಪಿಸಿಕೊಳ್ಳಿ. ಅಂಥ ಸಾವು ಈ ಷರತ್ತಿನೊಳಗೆ ಬರಲ್ಲ. ರಾತ್ರಿ ನಾಕಾಬಂದಿಯಲ್ಲಿ ನಿಂತಿದ್ದಾಗ ಲಾರಿ ಗುದ್ದಿ ಸತ್ತವರದ್ದೂ ಬರಲ್ಲ. ಕರ್ನಾಟಕದಲ್ಲಿ ಒಬ್ಬ ಪೊಲೀಸ್ ಸಾಯೋದು ಬಾಂಬ್‌ನಿಂದಲೇ ಆಗಬೇಕು ಅಂತೇನಿಲ್ಲವಲ್ಲ. ಮಗಳ ಕಾಲೇಜು ಫೀಸು ಅಪ್ಪನನ್ನು ಕೊಂದವನು ಯಾರು ಅನ್ನೋದರ ಮೇಲೆ ನಿಲ್ಲಬಾರದು ಅಂತ ನಮಗೆ ಅನ್ನಿಸುತ್ತೆ. ಷರತ್ತು 'ಕರ್ತವ್ಯದಲ್ಲಿ ಸಾವು' ಅಂತ ಇದ್ದರೆ ಸಾಕಿತ್ತು.

ನಾವೇನು ಮಾಡಬಹುದು?

ಪೊಲೀಸರ ಬಗ್ಗೆ ನಮ್ಮಲ್ಲಿ ಎಲ್ಲರ ಅಭಿಪ್ರಾಯ ಒಂದೇ ಅಲ್ಲ. ಹೆಲ್ಮೆಟ್ ದಂಡದ ಸಿಟ್ಟು ಇದ್ದವರು ಇದ್ದಾರೆ, ಅದಕ್ಕಿಂತ ದೊಡ್ಡ ತಕರಾರು ಇದ್ದವರೂ ಇದ್ದಾರೆ. ಇಲಾಖೆಯನ್ನು ಪ್ರಶ್ನಿಸೋದು ಬೇರೆ, ಡ್ಯೂಟಿಗೆ ಹೋಗಿ ಮನೆಗೆ ಬಾರದವರ ಮಕ್ಕಳ ಜೊತೆ ನಿಲ್ಲೋದು ಬೇರೆ. ಎರಡನ್ನೂ ಒಟ್ಟಿಗೇ ಮಾಡಬಹುದು.

ದೊಡ್ಡದೇನೂ ಬೇಡ. ನಿಮ್ಮ ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ ಇಂಥ ಮನೆಯಿಂದ ಬಂದವರು ಇದ್ದರೆ ಸ್ಕಾಲರ್‌ಶಿಪ್ ವಿಷಯ ತಿಳಿಸಿ. ಎಲ್ಲರ ಮುಂದೆ ಬೇಡ, ಒಬ್ಬರೇ ಇದ್ದಾಗ ಹೇಳಿ. ಪಕ್ಕದ ಮನೆಯ ಆಂಟಿ ಅನುಕಂಪದ ಅರ್ಜಿಗೆ ಓಡಾಡುತ್ತಿದ್ದರೆ, ಆ ಒಂದು ವರ್ಷದ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಡಿ, ಫಾರ್ಮ್ ಅಪ್‌ಲೋಡ್ ಮಾಡಿ ಕೊಡಿ. ಲ್ಯಾಪ್‌ಟಾಪ್ ಇರೋ ನಮಗೆ ಅದು ಅರ್ಧ ಗಂಟೆಯ ಕೆಲಸ, ಅವರಿಗೆ ಮೂರು ದಿನದ ಅಲೆದಾಟ. ಏಪ್ರಿಲ್ 2ಕ್ಕೆ ಧ್ವಜ ಮಾರಲು ಬಂದರೆ ಕೊಳ್ಳಿ.

ಇನ್ನು ಅಕ್ಟೋಬರ್ 21ಕ್ಕೆ ಪತ್ರಿಕೆಯಲ್ಲಿ ಆ ಫೋಟೋ ಬಂದಾಗ, ಕೆಳಗಿನ ಎರಡು ಸಾಲಿನಲ್ಲಿ ನಮ್ಮ ರಾಜ್ಯದ ಎಷ್ಟು ಹೆಸರು ಅಂತ ಇರುತ್ತೆ. ಅದನ್ನು ಓದಿ. ಅಷ್ಟು ಮನೆಗಳಲ್ಲಿ ಈಗ ಆ ಒಂದು ವರ್ಷದ ಗಡುವು ಓಡುತ್ತಾ ಇದೆ.