ಬ್ಯಾಟರಿ ಕಟ್‌ಆಫ್ ಸ್ವಿಚ್ ಮತ್ತು ಎಂಜಿನ್ನಿನ ಗಣಕ

ಬಿತ್ತನೆ ಮುಗಿಸಿ ತಿಂಗಳುಗಟ್ಟಲೆ ನಿಲ್ಲಿಸಿದ ಟ್ರ್ಯಾಕ್ಟರು, ಕೊಯ್ಲಿನ ದಿನ ಕೀಲಿ ತಿರುಗಿಸಿದರೆ 'ಟಕ್' ಎಂದು ಸುಮ್ಮನಾಗುವುದು ಅನೇಕ ರೈತರ ಅನುಭವ. ಇಲಿ ತಂತಿ ಕಡಿದು ಹುಲ್ಲಿನ ಮೆದೆಯ ಪಕ್ಕದಲ್ಲೇ ಕಿಡಿ ಹಾರೀತೆಂಬ ಭಯ ಬೇರೆ. ಆದ್ದರಿಂದ ಬ್ಯಾಟರಿಯ ಸಂಪರ್ಕವನ್ನೇ ಕಡಿಯುವ ಕಟ್‌ಆಫ್ ಸ್ವಿಚ್ ಹಾಕಿಸುವವರು ಬಹಳ. ಹಳೆಯ ಟ್ರ್ಯಾಕ್ಟರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಗಣಕವಿರುವ ಎಂಜಿನ್ನಿಗೆ ಮಾತ್ರ ಕೆಲವು ವಿಷಯಗಳನ್ನು ತಿಳಿದಿರಬೇಕು.

ಸುಮಾರು 50 ಅಶ್ವಶಕ್ತಿಗೂ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಜಾರಿಗೆ ಬಂದ ಮೇಲೆ, ಅವುಗಳಲ್ಲಿ ಡೀಸೆಲ್ ಸಿಂಪಡಣೆಯನ್ನು ಗಣಕವೇ ನಿರ್ಧರಿಸುವ ಕಾಮನ್ ರೇಲ್ ಎಂಜಿನ್ನುಗಳು ಸಾಮಾನ್ಯವಾಗಿವೆ. 2020ರ ಏಪ್ರಿಲ್ ನಂತರದ ಡೀಸೆಲ್ ಪಿಕಪ್ ವಾಹನಗಳೂ ಇಂಥವೇ. ಪ್ರತಿ ಇಂಜೆಕ್ಟರಿನ ತಲೆಯ ಮೇಲೂ ವಿದ್ಯುತ್ ತಂತಿಯ ಕೊಂಡಿ ಇದ್ದರೆ ನಿಮ್ಮ ಎಂಜಿನ್ನಿಗೆ ಗಣಕವಿದೆಯೆಂದು ತಿಳಿಯಬಹುದು.

ಸಂಪರ್ಕ ತಪ್ಪಿದ ಮಾತ್ರಕ್ಕೆ ಗಣಕ ಕೆಡುವುದಿಲ್ಲ. ಅದರ ಮೂಲ ಕಾರ್ಯಕ್ರಮ, ಇಂಜೆಕ್ಟರುಗಳ ಸಂಕೇತ, ಕೀಲಿಯ ಗುರುತು ಇವೆಲ್ಲ ವಿದ್ಯುತ್ತಿಲ್ಲದೆಯೂ ಉಳಿಯುವ ಸ್ಮರಣೆಯಲ್ಲಿರುತ್ತವೆ. ಅಳಿಯುವುದು ಗಡಿಯಾರ, ರೇಡಿಯೋ ಹೊಂದಾಣಿಕೆ, ಕೆಲವು ವಾಹನಗಳಲ್ಲಿ ಎಂಜಿನ್ ತಾನೇ ಕಲಿತುಕೊಂಡ ಸಣ್ಣಪುಟ್ಟ ತಿದ್ದುಪಡಿಗಳು. ಮತ್ತೆ ಚಾಲೂ ಮಾಡಿ ಕೆಲವು ನಿಮಿಷ ಹಾಗೇ ಓಡಲು ಬಿಟ್ಟು, ನಂತರ ಕೆಲಸಕ್ಕೆ ಹಚ್ಚಿದರೆ ಅವು ಸರಿಹೊಂದುತ್ತವೆ. ಕೆಡುವುದೇನಿದ್ದರೂ ಸ್ವಿಚ್ಚನ್ನು ತಪ್ಪು ಸಮಯದಲ್ಲಿ ತಿರುಗಿಸುವುದರಿಂದ, ಇಲ್ಲವೆ ತಪ್ಪು ಜಾಗದಲ್ಲಿ ಕೂರಿಸುವುದರಿಂದ.

ಯಾವಾಗ ತಿರುಗಿಸಬೇಕು?

ಎಂಜಿನ್ ಓಡುತ್ತಿರುವಾಗ ಎಂದೂ ಕೂಡದು. ಆಲ್ಟರ್ನೇಟರು ಕೊಡುವ ಸುಮಾರು 14 ವೋಲ್ಟು ಹತೋಟಿಯಲ್ಲಿರುವುದು ಬ್ಯಾಟರಿಯ ಆಸರೆಯಿಂದ. ಚಾರ್ಜ್ ಆಗುತ್ತಿರುವಾಗ ಆ ಆಸರೆ ಹಠಾತ್ತನೆ ತಪ್ಪಿದರೆ, ರಕ್ಷಣೆಯಿಲ್ಲದ ಆಲ್ಟರ್ನೇಟರಿನಲ್ಲಿ ವೋಲ್ಟೇಜು ಕ್ಷಣಮಾತ್ರ 80ರಿಂದ 100ರವರೆಗೂ ಏರಬಹುದು. ಡಯೋಡು, ಗಣಕ ಎರಡಕ್ಕೂ ಇದು ಅಪಾಯ. ಒಂದೇ ಬ್ಯಾಟರಿಯಿಂದ ಒಂದು ಟ್ರ್ಯಾಕ್ಟರನ್ನು ಚಾಲೂ ಮಾಡಿ, ಅದು ಓಡುತ್ತಿರುವಾಗಲೇ ಕಳಚಿ ಮತ್ತೊಂದಕ್ಕೆ ಹಾಕುವ ರೂಢಿ ಕೆಲವೆಡೆ ಇದೆ. ಡೈನಮೊ ಕಾಲದಲ್ಲಿ ಅದು ಹೇಗೋ ನಡೆದುಹೋಯಿತು. ಈಗ ಆ ಉಳಿತಾಯ ಬಲು ದುಬಾರಿಯಾದೀತು.

ಕೀಲಿ ತೆಗೆದ ಕೂಡಲೇ ತಿರುಗಿಸುವುದೂ ಸರಿಯಲ್ಲ. ಕೀಲಿ ತೆಗೆದ ಮೇಲೂ ಗಣಕ ಕೆಲವು ಸೆಕೆಂಡು ಎಚ್ಚರವಿದ್ದು ಅಂದಿನ ಅಂಕಿಗಳನ್ನು ಸ್ಮರಣೆಗೆ ಬರೆದುಕೊಳ್ಳುತ್ತದೆ. ಯೂರಿಯಾ ದ್ರಾವಣದ ಟ್ಯಾಂಕ್ ಇರುವ ವಾಹನದಲ್ಲಿ ಇನ್ನೂ ಹೆಚ್ಚು ಕಾಯಬೇಕು. ಅನೇಕ ವಾಹನಗಳಲ್ಲಿ ಪಂಪು ನಳಿಕೆಯಲ್ಲಿ ಉಳಿದ ದ್ರಾವಣವನ್ನು ಟ್ಯಾಂಕಿಗೆ ಹಿಂದಕ್ಕೆ ಎಳೆಯುತ್ತದೆ. ನಡುವೆ ವಿದ್ಯುತ್ತು ಕಡಿದರೆ ದ್ರಾವಣ ಅಲ್ಲೇ ಹರಳುಗಟ್ಟಿ ಬಾಯಿ ಕಟ್ಟಬಹುದು. ವಾಹನದ ಕೈಪಿಡಿಯಲ್ಲಿ ಎಷ್ಟು ಹೊತ್ತೆಂದು ಹೇಳಿದ್ದರೆ ಅಷ್ಟು ಕಾಯಿರಿ; ಹೇಳಿಲ್ಲದಿದ್ದರೆ ಐದು ನಿಮಿಷ ಬಿಡುವುದು ಕ್ಷೇಮ.

ಎಲ್ಲಿ ಕೂರಿಸಬೇಕು?

ಋಣ ತಂತಿಯ ಕಡೆ ಕೂರಿಸುವುದು ಒಳ್ಳೆಯದು. ಸ್ಪ್ಯಾನರ್ ತಪ್ಪಿ ಚಾಸಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಆದರೆ ಮೊದಲು ಬ್ಯಾಟರಿಯ ಋಣ ಕೊಂಡಿಯಿಂದ ಎಷ್ಟು ತಂತಿಗಳು ಹೊರಟಿವೆಯೆಂದು ಎಣಿಸಿ ನೋಡಬೇಕು. ಚಾಸಿಗೆ ಹೋಗುವ ದಪ್ಪ ತಂತಿಯ ಜೊತೆಗೆ, ನೇರವಾಗಿ ಗಣಕಕ್ಕೆ ಹೋಗುವ ಸಣ್ಣ ತಂತಿಯೊಂದು ಇರಬಹುದು. ದಪ್ಪ ತಂತಿಯನ್ನಷ್ಟೇ ಸ್ವಿಚ್ಚಿಗೆ ಕೊಟ್ಟು ಸಣ್ಣದನ್ನು ಬ್ಯಾಟರಿಯಲ್ಲೇ ಬಿಟ್ಟರೆ, ಸ್ವಿಚ್ ತೆರೆದಿರುವಾಗ ದೀಪ, ಸ್ಟಾರ್ಟರುಗಳ ಕರೆಂಟು ಗಣಕದ ಮೂಲಕವೇ ಹಿಂತಿರುಗಲು ದಾರಿ ಹುಡುಕುತ್ತದೆ. ಗಣಕ ಸುಡಲು ಅಷ್ಟು ಸಾಕು. ಎಲ್ಲ ಋಣ ತಂತಿಗಳನ್ನೂ ಸ್ವಿಚ್ಚಿನ ಆಚೆ ಬದಿಗೆ ಸೇರಿಸತಕ್ಕದ್ದು. ಋಣ ಕೊಂಡಿಯ ಮೇಲೆಯೇ ಅಳೆಯುವ ಸಣ್ಣ ಪೆಟ್ಟಿಗೆಯಿರುವ ವಾಹನವಾದರೆ ತಯಾರಕರ ಸಲಹೆಯಿಲ್ಲದೆ ಕೈ ಹಾಕಬಾರದು.

ಸ್ಟಾರ್ಟರ್ ಎಳೆಯುವುದು ನೂರಾರು ಆಂಪಿಯರ್ ಕರೆಂಟು. ಅಗ್ಗದ ಸ್ವಿಚ್ ಇದನ್ನು ತಡೆಯದೆ ಬಿಸಿಯಾಗುತ್ತದೆ, ಗಣಕಕ್ಕೂ ವೋಲ್ಟೇಜು ಸಾಲದಾಗುತ್ತದೆ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಸ್ವಿಚ್ಚಿನ ಎರಡೂ ಬದಿಗೆ ಹಿಡಿದು ಸ್ಟಾರ್ಟ್ ಮಾಡಿಸಿ ನೋಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಸ್ವಿಚ್ಚಾಗಲಿ ಕೊಂಡಿಯಾಗಲಿ ಸರಿಯಿಲ್ಲ.

ಗಡಿಯಾರ ನಿಲ್ಲದಿರಲೆಂದು ಸ್ವಿಚ್ಚಿನ ಎರಡು ಬದಿಗೂ 5 ಆಂಪಿಯರ್ ಫ್ಯೂಸಿನ ತೆಳು ತಂತಿ ಸೇರಿಸುವುದುಂಟು. ಕಳ್ಳತನ ತಡೆಯುವುದಷ್ಟೇ ಉದ್ದೇಶವಾದರೆ ಇದು ಸರಿ. ಕಳ್ಳ ಸ್ಟಾರ್ಟ್ ಮಾಡಲು ಹೋದರೆ ಫ್ಯೂಸು ಹಾರುತ್ತದೆ. ಬ್ಯಾಟರಿ ಉಳಿಸುವುದಕ್ಕಾದರೆ ಈ ತಂತಿ ಬೇಡ. ಗಣಕ, ಗಡಿಯಾರ ಸೇರಿ 30 ಮಿಲಿಆಂಪಿಯರ್ ಎಳೆದರೂ ತಿಂಗಳಿಗೆ ಸುಮಾರು 22 ಆಂಪಿಯರ್-ಗಂಟೆ ಖರ್ಚು, ಅಂದರೆ 88ರ ಬ್ಯಾಟರಿಯಲ್ಲಿ ಕಾಲು ಭಾಗ. ಹುಲ್ಲಿನ ಬಳಿ ನಿಲ್ಲಿಸುವವರಿಗೂ ಇದು ಬೇಡ.

ಟ್ರ್ಯಾಕ್ಟರಿಗೆ ಜೋಡಿಸಿದ ನೇಗಿಲು, ಟ್ರೈಲರುಗಳಿಗೆ ವೆಲ್ಡಿಂಗ್ ಮಾಡಿಸುವಾಗ ಸ್ವಿಚ್ ತೆರೆದರೆ ಸಾಲದು. ಉಪಕರಣವನ್ನು ಕಳಚಿ ದೂರ ಇಟ್ಟು ಬೆಸೆಯುವುದೇ ಲೇಸು. ಆಗದಿದ್ದಲ್ಲಿ ಬ್ಯಾಟರಿಯ ಎರಡೂ ಕೊಂಡಿ ಬಿಚ್ಚಿ, ಗಣಕದ ಪ್ಲಗ್ ತೆಗೆದು, ವೆಲ್ಡಿಂಗಿನ ಅರ್ತ್ ಹಿಡಿಕೆಯನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು.

ಸ್ವಿಚ್ ತೆರೆದಿಟ್ಟರೂ ಬ್ಯಾಟರಿ ತಾನಾಗಿಯೇ ನಿಧಾನವಾಗಿ ಇಳಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಖಾಲಿ ನಿಂತರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಅಳೆದು ನೋಡಿ. ಪೂರ್ತಿ ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸುತ್ತದೆ, 12.4ಕ್ಕಿಂತ ಇಳಿದಿದ್ದರೆ ಚಾರ್ಜ್ ಮಾಡಿಸಿ ಇಡಿ.