ಸೂಜಿಯ ತುದಿಯಲ್ಲಿ ಕಣ್ಣು

ಕೈಯಲ್ಲಿ ಹೊಲಿಯುವಾಗ ಸೂಜಿ ಬಟ್ಟೆಯನ್ನು ಪೂರ್ತಿ ದಾಟುತ್ತದೆ. ಆ ಕಡೆಯಿಂದ ಅದನ್ನು ಎಳೆದು, ತಿರುಗಿಸಿ, ಮತ್ತೆ ಈ ಕಡೆಗೆ ಚುಚ್ಚಿ ತರುತ್ತೇವೆ. ನಿಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿ ಓಡುವ ಮಿಷಿನ್ನಿನ ಸೂಜಿಯನ್ನು ಒಮ್ಮೆ ಗಮನಿಸಿ. ಅದು ಎಂದೂ ಬಟ್ಟೆಯನ್ನು ದಾಟುವುದಿಲ್ಲ. ಅದರ ಮೇಲ್ತುದಿಯನ್ನು ಸ್ಕ್ರೂ ಒಂದು ಬಿಗಿದು ಹಿಡಿದಿದೆ. ಇಳಿಯುತ್ತದೆ, ಚುಚ್ಚುತ್ತದೆ, ಬಂದ ತೂತಿನಿಂದಲೇ ವಾಪಸ್ಸು ಹೋಗುತ್ತದೆ. ದಾರದ ರೀಲೂ ಮೇಲೆಯೇ ಕೂತಿರುತ್ತದೆ. ಹೀಗಿದ್ದ ಮೇಲೆ ಸೂಜಿಯ ಜೊತೆ ಇಳಿದ ದಾರ ಸೂಜಿಯ ಜೊತೆಯಲ್ಲೇ ಮೇಲಕ್ಕೆ ಬಂದುಬಿಡಬೇಕು, ಬಟ್ಟೆಯಲ್ಲಿ ಸಾಲು ತೂತುಗಳಷ್ಟೇ ಉಳಿಯಬೇಕು. ಉಳಿಯುವುದು ಮಾತ್ರ ಜಗ್ಗಿದರೂ ಬಿಚ್ಚದ ಹೊಲಿಗೆ. ಅಂದರೆ ಬಟ್ಟೆಯ ಕೆಳಗೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ಏನೋ ನಡೆಯುತ್ತಿದೆ.

ಆ ‘ಏನೋ’ ಹೊಳೆಯಲು ಸುಮಾರು ನೂರು ವರ್ಷ ಬೇಕಾಯಿತು. ಮೊದಮೊದಲು ಈ ಕೆಲಸಕ್ಕೆ ಕೈಹಾಕಿದವರು ಕೈಯನ್ನೇ ಅನುಕರಿಸಲು ಹೋದರು. 1755ರಲ್ಲಿ ಚಾರ್ಲ್ಸ್ ವೈಸೆಂತಾಲ್ ಎಂಬಾತ ಎರಡೂ ಕಡೆ ಚೂಪಾಗಿರುವ ಸೂಜಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ತಿರುಗಿಸುವ ಶ್ರಮ ಉಳಿಯಿತು, ಆದರೆ ಸೂಜಿ ಬಟ್ಟೆಯನ್ನು ದಾಟಲೇಬೇಕಿತ್ತು. ಸೂಜಿ ದಾಟಿದರೆ ಅದರ ಹಿಂದೆ ಇರುವ ದಾರವೆಲ್ಲ ದಾಟಬೇಕು. ಹಾಗಾಗಿ ಒಂದು ಮಾರು, ಎರಡು ಮಾರು ದಾರಕ್ಕಿಂತ ಹೆಚ್ಚು ಪೋಣಿಸುವಂತಿಲ್ಲ. ಗಳಿಗೆಗೊಮ್ಮೆ ನಿಲ್ಲಿಸಿ ಹೊಸ ದಾರ ಪೋಣಿಸುತ್ತ ಕೂರುವ ಯಂತ್ರ ಯಾರಿಗೆ ಬೇಕು?

ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೋನಿಯೆ 1830ರಲ್ಲಿ ಬೇರೆ ದಾರಿ ಹಿಡಿದ. ಆತನ ಯಂತ್ರದ ಕೊಕ್ಕೆಸೂಜಿ ದಾರವನ್ನು ಕುಣಿಕೆ ಮಾಡಿ ಎಳೆಯುತ್ತಿತ್ತು, ಆ ಕುಣಿಕೆಯೊಳಗೆ ಮುಂದಿನ ಕುಣಿಕೆಯನ್ನು ತೂರಿಸುತ್ತಿತ್ತು. ಇದೇ ಸರಪಳಿ ಹೊಲಿಗೆ. ಅಕ್ಕಿ ಮೂಟೆಯ ಬಾಯಿ ಬಿಚ್ಚಿದವರಿಗೆಲ್ಲ ಇದರ ಗುಣ ಗೊತ್ತು. ಸರಿಯಾದ ತುದಿ ಸಿಕ್ಕರೆ ಸರ್ರನೆ ಇಡೀ ಹೊಲಿಗೆ ಕೈಗೆ ಬರುತ್ತದೆ; ತಪ್ಪು ತುದಿ ಹಿಡಿದರೆ ಕೊನೆಗೆ ಕತ್ತರಿಯೇ ಗತಿ. ಮೂಟೆಗೆ ಈ ಗುಣ ವರ, ಅಂಗಿಗೆ ಶಾಪ. ಆದರೂ ತಿಮೋನಿಯೆಯ ಸುಮಾರು 80 ಯಂತ್ರಗಳು ಪ್ಯಾರಿಸ್ಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದವು. 1831ರಲ್ಲಿ ಅಲ್ಲಿನ ದರ್ಜಿಗಳು ಗುಂಪುಕಟ್ಟಿ ನುಗ್ಗಿ ಅವನ್ನು ಪುಡಿಮಾಡಿದರು. ಅನ್ನ ಹೋಗುತ್ತದೆಂಬ ಭಯ ಅವರದು.

ಕೈಯನ್ನು ಪೂರ್ತಿ ಮರೆತು ಯೋಚಿಸಿದಾಗ ಗೆಲುವು ಸಿಕ್ಕಿತು. ಸೂಜಿಯ ಕಣ್ಣನ್ನು ಹಿಂಬದಿಯಿಂದ ಕಿತ್ತು ಚೂಪು ತುದಿಗೆ ತರುವುದು, ಒಂದು ದಾರದ ಬದಲು ಎರಡು ದಾರ ಬಳಸುವುದು. ಇವೆರಡೂ ಕೂಡಿದ ಯಂತ್ರವನ್ನು ನ್ಯೂಯಾರ್ಕಿನ ವಾಲ್ಟರ್ ಹಂಟ್ 1830ರ ದಶಕದಲ್ಲೇ ಮಾಡಿದ್ದ, ಆದರೆ ಪೇಟೆಂಟ್ ಪಡೆಯಲಿಲ್ಲ. ಹೊಲಿದು ಬದುಕುವ ಹೆಂಗಸರ ಕೆಲಸ ಹೋದೀತೆಂದು ಮಗಳು ತಡೆದಳು ಎಂಬ ಮಾತಿದೆ. 1846ರಲ್ಲಿ ಅಮೆರಿಕದ ಇಲಿಯಾಸ್ ಹೌ ಪೇಟೆಂಟ್ ಪಡೆದ. 1851ರಲ್ಲಿ ಐಸಾಕ್ ಸಿಂಗರ್ ಇನ್ನಷ್ಟು ಬಳಕೆಗೆ ಒಗ್ಗುವ ಯಂತ್ರ ತಂದ. ಮುಂದೆ ಇಬ್ಬರೂ ಕೋರ್ಟಿನಲ್ಲಿ ಕಾದಾಡಿದರು, ಹೌ ಗೆದ್ದ. ಅಂಗಡಿಯಲ್ಲಿ ಉಳಿದ ಹೆಸರು ಮಾತ್ರ ಸಿಂಗರನದು.

ಈಗ ಬಟ್ಟೆಯ ಕೆಳಗೆ ಇಳಿಯೋಣ.

ಮಿಷಿನ್ನಿನ ಸೂಜಿ ಬರೀ ಚೂಪು ಕಡ್ಡಿಯಲ್ಲ. ಅದರ ಒಂದು ಬದಿಯಲ್ಲಿ ಮೇಲಿನಿಂದ ಕಣ್ಣಿನವರೆಗೆ ಉದ್ದನೆಯ ಗೀರು ಕೊರೆದಿರುತ್ತದೆ. ಇನ್ನೊಂದು ಬದಿಯಲ್ಲಿ, ಕಣ್ಣಿನ ತುಸು ಮೇಲೆ, ಲೋಹವನ್ನು ಹೆರೆದು ಮಾಡಿದ ಪುಟ್ಟ ತಗ್ಗು. ಇಳಿಯುವ ಸೂಜಿ ತನ್ನ ತಳ ಮುಟ್ಟಿ ಸುಮಾರು 2 ಮಿಲಿಮೀಟರ್ ಮೇಲೇಳುವ ಕ್ಷಣದಲ್ಲಿ ಇಡೀ ರಹಸ್ಯ ಇದೆ. ಗೀರಿನೊಳಗೆ ಅಡಗಿದ ದಾರ ಸೂಜಿಯ ಜೊತೆ ಸಲೀಸಾಗಿ ಮೇಲೆ ಜಾರುತ್ತದೆ. ಇನ್ನೊಂದು ಬದಿಯ ದಾರಕ್ಕೆ ಅಡಗುವ ಜಾಗವಿಲ್ಲ, ಬಟ್ಟೆ ಅದನ್ನು ಅದುಮಿ ಹಿಡಿಯುತ್ತದೆ. ಮೇಲೆ ಹೋಗಲಾರದ ಆ ದಾರ ಪಕ್ಕಕ್ಕೆ ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ, ನಮ್ಮ ಟೈಲರುಗಳು ಶಟಲ್ ಎನ್ನುವ ಕೊಕ್ಕೆ ತಿರುಗಿ ಬಂದು, ಸೂಜಿಗೂ ಕುಣಿಕೆಗೂ ನಡುವೆ ತನ್ನ ಮೂತಿ ತೂರಿಸುತ್ತದೆ. ಸೂಜಿಗೂ ಆ ಮೂತಿಗೂ ಇರುವ ಅಂತರ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ಸೂಜಿ ಕೂದಲೆಳೆಯಷ್ಟು ಬಾಗಿದರೂ ಮೂತಿಗೆ ಕುಣಿಕೆ ಸಿಗುವುದಿಲ್ಲ, ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ. ಹೊಲಿಗೆ ಹಾರತೊಡಗಿದರೆ ಅನುಭವಸ್ಥರು ಮಿಷಿನ್ ಬಿಚ್ಚುವ ಮೊದಲು ಸೂಜಿ ಬದಲಿಸುವುದು ಇದಕ್ಕೇ.

ಕುಣಿಕೆ ಹಿಡಿದ ಕೊಕ್ಕೆ ಅದನ್ನು ಹಿಗ್ಗಿಸಿ ಬಾಬಿನ್ನಿನ ಸುತ್ತ ಒಯ್ಯುತ್ತದೆ. ಬಾಬಿನ್ನಿನಲ್ಲಿ ಇರುವುದು ಎರಡನೆಯ ದಾರ. ಮೇಲಿನ ದಾರದ ಕುಣಿಕೆ ಇಡೀ ಬಾಬಿನ್ನನ್ನು ಅದರ ಕೇಸಿನ ಸಮೇತ ಸುತ್ತಿ ಹೊರಬಂದರೆ, ಎರಡೂ ದಾರ ಒಂದನ್ನೊಂದು ಹೆಣೆದುಕೊಂಡಂತೆ. ಆದರೆ ಬಾಬಿನ್ ಕೇಸನ್ನು ಮಿಷಿನ್ನಿಗೆ ಎಲ್ಲೋ ಒಂದು ಕಡೆ ಗಟ್ಟಿಯಾಗಿ ಬೆಸೆದಿದ್ದರೂ ಕುಣಿಕೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಗ್ಗದಾಟ ಆಡುವ ಹುಡುಗಿಯನ್ನು ನೋಡಿ. ಹಗ್ಗ ತಲೆಯ ಮೇಲಿಂದ ಬಂದು ಪಾದದ ಕೆಳಗೆ ದಾಟಲು, ಆ ಕ್ಷಣಕ್ಕೆ ಅವಳ ಪಾದ ನೆಲ ಬಿಟ್ಟಿರಬೇಕು. ಬಾಬಿನ್ ಕೇಸಿನದೂ ಇದೇ ಸ್ಥಿತಿ. ಅದು ಯಾವುದಕ್ಕೂ ಅಂಟಿಕೊಂಡಿಲ್ಲ. ಕೊಕ್ಕೆಯ ಮಡಿಲಲ್ಲಿ ಸಡಿಲವಾಗಿ ಕೂತಿದೆ, ತಿರುಗದಂತೆ ಒಂದು ಸಣ್ಣ ತಡೆ ಮಾತ್ರ ಇದೆ. ತಡೆಗೂ ಕೇಸಿಗೂ ನಡುವೆ ದಾರ ನುಸುಳುವಷ್ಟು ಸಂದು ಬಿಟ್ಟಿರುತ್ತಾರೆ. ಬಾಬಿನ್ ಅಷ್ಟು ಚಿಕ್ಕದಾಗಿರುವುದಕ್ಕೂ ಕಾರಣ ಇದೇ: ಅದು ಕುಣಿಕೆಯೊಳಗೆ ತೂರಬೇಕು. ಹಾಗಾಗಿ ಮೇಲಿನ ರೀಲು ದಿನವಿಡೀ ಬಂದರೂ ಕೆಳಗಿನ ದಾರ ನಡುನಡುವೆ ಮುಗಿದು ಟೈಲರಿಗೆ ಸಿಟ್ಟು ಬರಿಸುತ್ತದೆ.

ಬಾಬಿನ್ನನ್ನು ಸುತ್ತಿಬರಲು ಹಲವು ಸೆಂಟಿಮೀಟರ್ ದಾರ ಬೇಕು. ಒಂದು ಹೊಲಿಗೆಗೆ ಖರ್ಚಾಗುವುದು ಕೆಲವೇ ಮಿಲಿಮೀಟರ್. ಮಿಕ್ಕಿದ್ದನ್ನು ವಾಪಸ್ಸು ಎಳೆಯಲು ಮಿಷಿನ್ನಿನ ಮುಂಭಾಗದಲ್ಲಿ ಮೇಲೆ ಕೆಳಗೆ ಕುಣಿಯುವ, ತೂತಿರುವ ಸಣ್ಣ ಕೈಯೊಂದಿದೆ. ಕೊಕ್ಕೆ ಕೇಳಿದಾಗ ಅದು ದಾರ ಸಡಿಲಿಸುತ್ತದೆ, ಕೆಲಸವಾದ ಕೂಡಲೇ ಸೆಳೆದುಕೊಳ್ಳುತ್ತದೆ. ಪರಿಣಾಮವಾಗಿ ದಾರದ ಒಂದೇ ತುಣುಕು ಹೊಲಿಗೆಯಲ್ಲಿ ನೆಲೆಯಾಗುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಹೋಗಿಬಂದಿರುತ್ತದೆ. ಅಗ್ಗದ ದಾರ ಕೈಹೊಲಿಗೆಯಲ್ಲಿ ಬಾಳಿದರೂ ಮಿಷಿನ್ನಿನಲ್ಲಿ ಪದೇಪದೇ ಹರಿಯುವುದು ಈ ಉಜ್ಜಾಟದಿಂದ. ಇನ್ನು ಟೆನ್ಷನ್ ಎನ್ನುವುದು ಎರಡೂ ದಾರಗಳ ಹಗ್ಗಜಗ್ಗಾಟವನ್ನು ಸಮಬಲದಲ್ಲಿ ನಿಲ್ಲಿಸುವ ತಿರುಪು. ಸಮವಾಗಿದ್ದರೆ ಹೆಣಿಗೆ ಎರಡು ಪದರ ಬಟ್ಟೆಯ ನಟ್ಟನಡುವೆ ಅಡಗುತ್ತದೆ. ಕೆಳದಾರದ ಚುಕ್ಕೆಗಳು ಮೇಲ್ಗಡೆ ಕಂಡರೆ ಮೇಲಿನ ಬಿಗಿ ಹೆಚ್ಚಾಗಿದೆ ಎಂದರ್ಥ.

ಬಟ್ಟೆ ಮುಂದೆ ಸರಿಯುವುದು ಕೆಳಗಿನ ಹಲ್ಲುಪಟ್ಟಿಯಿಂದ. ಏಳುವುದು, ಬಟ್ಟೆಯನ್ನು ಮುಂದಕ್ಕೆ ತಳ್ಳುವುದು, ಇಳಿಯುವುದು, ಮೊದಲ ಜಾಗಕ್ಕೆ ಮರಳುವುದು: ಈ ನಾಲ್ಕು ಹೆಜ್ಜೆಯ ನಡೆಗೆ 1854ರಲ್ಲಿ ಪೇಟೆಂಟ್ ಪಡೆದವನು ಆಲನ್ ವಿಲ್ಸನ್. ಸೂಜಿ ಬಟ್ಟೆಯಲ್ಲಿ ನೆಟ್ಟಿರುವಾಗ ಹಲ್ಲುಗಳು ತಳ್ಳುವಂತಿಲ್ಲ, ಸೂಜಿ ಮುರಿದೀತು. ಹಾಗಾಗಿ ಸೂಜಿ, ಕೊಕ್ಕೆ, ಹಲ್ಲು, ದಾರ ಸೆಳೆಯುವ ಕೈ ನಾಲ್ಕನ್ನೂ ಒಂದೇ ಚಕ್ರಕ್ಕೆ ಕಟ್ಟಲಾಗಿದೆ. ಆ ಚಕ್ರವನ್ನು ತಿರುಗಿಸುವುದು ಬೆಲ್ಟು, ಬೆಲ್ಟನ್ನು ಎಳೆಯುವುದು ಕಾಲು. ಮೊದಲ ಬಾರಿ ತುಳಿಯುವವರಿಗೆ ಚಕ್ರ ಹಿಂದಕ್ಕೆ ತಿರುಗಿ ದಾರ ಗೋಜಲಾಗುತ್ತದೆ. ತುಳಿಹಲಗೆಯ ಮೇಲೆ ಕೆಳಗಿನ ಚಲನೆಯನ್ನು ಸುತ್ತುವ ಚಲನೆಯಾಗಿಸುವ ಸರಳು ತೀರಾ ಮೇಲೆ ಅಥವಾ ತೀರಾ ಕೆಳಗೆ ನಿಂತಾಗ, ಎಷ್ಟು ತುಳಿದರೂ ಚಕ್ರ ಯಾವ ಕಡೆಗೂ ಹೊರಳದು. ಅದಕ್ಕೇ ಶುರುವಿನಲ್ಲಿ ಬಲಗೈಯಿಂದ ಒಂದು ತಿರುವು ಕೊಡುತ್ತಾರೆ. ಆಮೇಲೆ ಚಕ್ರದ ಭಾರವೇ ಆ ಎರಡು ಬಿಂದುಗಳನ್ನು ದಾಟಿಸಿಕೊಂಡು ಹೋಗುತ್ತದೆ.

ಇಷ್ಟರಿಂದ ಸಿಕ್ಕ ವೇಗ ಸಣ್ಣದೇನಲ್ಲ. ಗಂಡಸರ ಒಂದು ಅಂಗಿಗೆ ಕೈಯಲ್ಲಾದರೆ 14 ಗಂಟೆಗೂ ಹೆಚ್ಚು, ಯಂತ್ರದಲ್ಲಾದರೆ ಸುಮಾರು ಒಂದೂಕಾಲು ಗಂಟೆ ಎಂದು ಹತ್ತೊಂಬತ್ತನೇ ಶತಮಾನದ ಅಮೆರಿಕದ ತಯಾರಕರು ಲೆಕ್ಕ ಕೊಟ್ಟಿದ್ದರು. ಇಂದಿನ ಕಾರ್ಖಾನೆಯ ಮಿಷಿನ್ ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲದು. ಬೆಲೆ ಬಡವರ ಕೈಗೆ ಎಟುಕದಾಗ ಸಿಂಗರ್ ಕಂಪನಿಯ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮಾರಾಟ ಶುರುಮಾಡಿದ. ಮನೆಯಲ್ಲಿ ಇಟ್ಟುಕೊಂಡು, ಅದರಲ್ಲೇ ದುಡಿದು, ಅದರ ಸಾಲ ತೀರಿಸುವ ಪದ್ಧತಿ ಜಗತ್ತಿನ ಮೂಲೆಮೂಲೆಗೆ ಹಬ್ಬಿತು. ಭಾರತಕ್ಕೆ ಹೊರಗಿನಿಂದ ಬರುತ್ತಿದ್ದ ಯಂತ್ರವನ್ನು 1930ರ ದಶಕದಲ್ಲಿ ಕೋಲ್ಕತ್ತದ ಜಯ್ ಎಂಜಿನಿಯರಿಂಗ್ ವರ್ಕ್ಸ್ ಇಲ್ಲೇ ತಯಾರಿಸತೊಡಗಿತು. ನಮ್ಮ ಮನೆಗಳಿಗೆ ಉಷಾ ಬಂದದ್ದು ಹಾಗೆ. ಬಿಡಿಭಾಗಗಳಿಗೆ ಲುಧಿಯಾನ ಹೆಸರಾಯಿತು.

ಯಂತ್ರಗಳ ಬಗ್ಗೆ ಅಷ್ಟು ಗುಮಾನಿಯಿದ್ದ ಗಾಂಧೀಜಿ ಕೂಡ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿಯೊಂದಿಗೆ ನಡೆದ ಮಾತುಕತೆಯಲ್ಲಿ, ಇದು ಒಬ್ಬರ ದುಡಿಮೆಯನ್ನು ಹಗುರಮಾಡುವ ಯಂತ್ರ, ಹಾಗಾಗಿ ಒಪ್ಪಿಗೆ ಎಂದರು. ರಾಮಚಂದ್ರನ್ ಬಿಡಲಿಲ್ಲ. ಈ ಯಂತ್ರವನ್ನು ಮಾಡಲು ದೊಡ್ಡ ಕಾರ್ಖಾನೆ ಬೇಕಲ್ಲ ಎಂದು ಕೇಳಿದರು. ಬೇಕು, ಆದರೆ ಅಂಥ ಕಾರ್ಖಾನೆ ಸರ್ಕಾರದ ಹತೋಟಿಯಲ್ಲಿರಬೇಕು ಎಂಬುದು ಗಾಂಧೀಜಿಯ ಉತ್ತರ. ಇಬ್ಬರ ಮಾತೂ ಹೊಲಿಗೆ ಯಂತ್ರವನ್ನು ತಯಾರಿಸುವ ಕಾರ್ಖಾನೆಯ ಬಗ್ಗೆ ಇತ್ತು. ಹೊಲಿಗೆ ಯಂತ್ರಗಳನ್ನೇ ಸಾಲಾಗಿ ನಿಲ್ಲಿಸಿದ ಕಾರ್ಖಾನೆಯ ಮಾತು ಅಲ್ಲಿ ಬರಲಿಲ್ಲ.

ಅಂಥ ಕಾರ್ಖಾನೆ ಏಕೆ ಬೇಕಾಯಿತು ಎಂಬುದಕ್ಕೂ ಉತ್ತರ ಯಂತ್ರದ ಒಳಗೇ ಇದೆ. ಇಷ್ಟೆಲ್ಲ ಚಮತ್ಕಾರ ಸೇರಿ ಯಂತ್ರ ಬಗೆಹರಿಸಿದ್ದು ಹೆಣಿಗೆಯನ್ನು ಮಾತ್ರ. ಬಟ್ಟೆಯನ್ನಲ್ಲ. ಬಟ್ಟೆ ಕಬ್ಬಿಣದ ತಗಡಿನ ಹಾಗೆ ಇಟ್ಟಲ್ಲಿ ಇರುವುದಿಲ್ಲ. ಜೋಲುತ್ತದೆ, ಹಿಗ್ಗುತ್ತದೆ, ಸುಕ್ಕಾಗುತ್ತದೆ, ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ತೋಳನ್ನು ಭುಜಕ್ಕೆ ಕೂಡಿಸುವಾಗ ಉದ್ದದ ಅಂಚನ್ನು ಗಿಡ್ಡ ಅಂಚಿಗೆ ನೆರಿಗೆ ಬೀಳದ ಹಾಗೆ ಹೊಂದಿಸಬೇಕು. ಅದನ್ನು ಮಾಡುವುದು ಬೆರಳ ತುದಿ. ಕಾರು ಬೆಸೆಯುವ ರೋಬೋಗೆ ಈ ಕೆಲಸ ಇಂದಿಗೂ ಕಷ್ಟ. ಹೀಗಾಗಿ ಮಿಷಿನ್ ಎಷ್ಟೇ ವೇಗವಾದರೂ ಅದರ ಮುಂದೆ ಒಬ್ಬರು ಕೂರಲೇಬೇಕು. ಬಿಟ್ಟುಹಾಕಲಾಗದ ಆ ಒಬ್ಬರಿಗೆ ಎಲ್ಲಿ ಕಡಿಮೆ ಕೂಲಿಯೋ ಅಲ್ಲಿಗೆ ಉದ್ಯಮವೇ ಎದ್ದು ಹೊರಟಿತು.

ಅದು ಬಂದು ನಿಂತ ಊರುಗಳಲ್ಲಿ ಬೆಂಗಳೂರೂ ಒಂದು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಬೆಳಿಗ್ಗೆ ‘ಗಾರ್ಮೆಂಟ್ಸ್‌ಗೆ ಹೋಗೋರು’ ಎಂದರೆ ಹೆಚ್ಚಿನವರು ಹೆಂಗಸರೇ. ಅಲ್ಲಿ ಅಂಗಿ ಹೊಲಿಯುವವರು ಯಾರೂ ಇಲ್ಲ. ಒಬ್ಬರದು ಕಾಲರ್, ಇನ್ನೊಬ್ಬರದು ಕಫ್, ಮತ್ತೊಬ್ಬರದು ಜೇಬು. ಗಂಟೆಗೆ ಇಷ್ಟು ‘ಪ್ರೊಡಕ್ಷನ್’ ಎಂದು ಸೂಪರ್‌ವೈಸರ್ ಎಣಿಸುತ್ತಾರೆ. ಬೀದಿಯ ಟೈಲರ್ ಚಹಾ ಬಂದಾಗ ಕಾಲು ನಿಲ್ಲಿಸುತ್ತಾರೆ. ಗಾರ್ಮೆಂಟ್ಸಿನಲ್ಲಿ ಕಾಲಿನ ಕೆಳಗಿನ ಪೆಡಲ್ ಈ ಹೆಂಗಸರದಾದರೂ ಅದನ್ನು ಬಿಡುವ ಹೊತ್ತು ಅವರದಲ್ಲ. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ, ಈ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಎದ್ದು ಬಂದು ಹೊಸೂರು ರಸ್ತೆಯನ್ನು ತುಂಬಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಪ್ಯಾರಿಸ್ಸಿನ ದರ್ಜಿಗಳು ಮಿಷಿನ್ನಿನ ಮೇಲೆ ಕೈಮಾಡಿದ್ದರು. ಬೆಂಗಳೂರಿನ ಹೆಂಗಸರು ಮಿಷಿನ್ನನ್ನು ಮುಟ್ಟಲಿಲ್ಲ, ಅದರ ಮುಂದಿನ ಕುರ್ಚಿ ಖಾಲಿ ಮಾಡಿದರು. ಬೆರಳಿಲ್ಲದೆ ಮಿಷಿನ್ ಏನೂ ಅಲ್ಲ ಎಂಬುದು ಅವರಿಗೆ ಯಾವ ಎಂಜಿನಿಯರಿಗಿಂತ ಚೆನ್ನಾಗಿ ಗೊತ್ತಿತ್ತು.

ಬಡಾವಣೆಯ ಟೈಲರ್ ಅಂಗಡಿಯ ಸುತ್ತಲೂ ಇಂಥ ಬೆರಳುಗಳ ಸಾಲೇ ಇದೆ. ಯಂತ್ರದ ಹೊಲಿಗೆ ಬಟ್ಟೆಯ ಎರಡೂ ಮುಖಕ್ಕೆ ಕಾಣುವುದರಿಂದ, ರೇಷ್ಮೆ ಸೀರೆಯ ಫಾಲಿನ ಮೇಲಂಚಿಗೆ ಕೈಹೊಲಿಗೆಯೇ ಬೇಕು. ಅದನ್ನು ಪಕ್ಕದ ಓಣಿಯ ಯಾರಾದರೂ ಮಧ್ಯಾಹ್ನ ಮನೆಗೆಲಸ ಮುಗಿಸಿ ಮಾಡಿಕೊಡುತ್ತಾರೆ. ಬ್ಲೌಸಿನ ಹುಕ್ಕು, ಹೆಮ್ಮಿಂಗು, ಸೆರಗಿನ ಕುಚ್ಚು, ಎಲ್ಲಕ್ಕೂ ಒಬ್ಬೊಬ್ಬರು ಇದ್ದಾರೆ. ಮಿಷಿನ್ನಿನಿಂದ ಆಗುವುದು ಮುಗಿದ ಮೇಲೆ ಉಳಿಯುವ ಕೆಲಸ ಇದು. ಕೂಲಿ ಕಡಿಮೆ, ಕಣ್ಣಿಗೆ ಶ್ರಮ ಹೆಚ್ಚು.

‘ಎರಡು ಹೊಲಿಗೆ ಹಾಕೋಕೆ ಇಷ್ಟೊಂದಾ?’ ಎಂದು ಚೌಕಾಸಿ ಮಾಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹೊಲಿಗೆಯ ಲೆಕ್ಕದಲ್ಲಿ ಅವರ ಮಾತು ನಿಜ. ಎರಡು ಹೊಲಿಗೆ ಬೀಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ಅದನ್ನು ಇಲಿಯಾಸ್ ಹೌ ಎಂದೋ ಅಗ್ಗ ಮಾಡಿಟ್ಟಿದ್ದಾನೆ. ಟೈಲರ್ ಕೇಳುವ ದುಡ್ಡು ಅದಕ್ಕಲ್ಲ. ಹಳೆಯ ಹೊಲಿಗೆಯನ್ನು ಬಟ್ಟೆಗೆ ಗಾಯವಾಗದಂತೆ ಬಿಚ್ಚುವುದಕ್ಕೆ, ನಿಮ್ಮ ಭುಜ ಎಡಕ್ಕೆ ತುಸು ಇಳಿದಿದೆ ಎಂದು ಟೇಪು ಹಿಡಿಯುವ ಮೊದಲೇ ಕಂಡುಕೊಂಡದ್ದಕ್ಕೆ, ಜಾರುವ ಬಟ್ಟೆಯನ್ನು ಎರಡು ಬೆರಳಲ್ಲಿ ಹತೋಟಿಗೆ ತಂದದ್ದಕ್ಕೆ. ಯಂತ್ರಕ್ಕೆ ಇನ್ನೂ ಬಾರದ ಕೆಲಸ ಅದು. ಕೇಳಿದಷ್ಟು ಕೊಟ್ಟುಬಿಡಿ.