ತಲೆಗೆ ಪೆಟ್ಟು ಬಿದ್ದ ಮೇಲೆ ಏನು ಮಾಡಬಾರದು?

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಬೈಕಿನಲ್ಲಿ ಹೊರಟವರು ತಿರುವಿನಲ್ಲಿ ಜಾರುವುದುಂಟು. ಯಳಂದೂರಿನ ಕಡೆ ತೆಂಗಿನ ತೋಟದಲ್ಲಿ ಕಾಯಿ ಕೀಳುವವರು ಬೀಳುವುದುಂಟು. ಒಂದು ಕ್ಷಣ ಕಣ್ಣು ಕತ್ತಲೆಯಾಗಿ, ಆಮೇಲೆ ಎದ್ದು ಕುಳಿತು "ಏನೂ ಆಗಿಲ್ಲ ಬುಡಿ" ಎನ್ನುತ್ತಾರೆ. ಸ್ಕ್ಯಾನ್‌ನಲ್ಲೂ ಏನೂ ಕಾಣುವುದಿಲ್ಲ. ಹಾಗಾದರೆ ತಲೆನೋವು, ಮಂಕು, ಮರೆವು ಏಕೆ?

ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮಿದುಳು ಅಲುಗಿ, ಅದರ ಕೆಲಸ ಕೆಲಕಾಲ ಏರುಪೇರಾಗುತ್ತದೆ. ವೈದ್ಯರು ಇದನ್ನು 'ಕನ್‌ಕಷನ್' ಎನ್ನುತ್ತಾರೆ. ಸ್ಕ್ಯಾನ್ ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು ತೋರಿಸೀತು, ಈ ಏರುಪೇರನ್ನಲ್ಲ. ಹೆಚ್ಚಿನವರು ಎರಡರಿಂದ ನಾಲ್ಕು ವಾರಗಳಲ್ಲಿ ಗುಣವಾಗುತ್ತಾರೆ. ಅಲ್ಲಿಯವರೆಗೆ ಇಷ್ಟು ನೆನಪಿಡಿ.

ಎಲ್ಲಕ್ಕಿಂತ ಮುಖ್ಯ, ಎರಡನೆಯ ಪೆಟ್ಟು ಬೀಳಬಾರದು. ಚೇತರಿಸದ ಮಿದುಳಿಗೆ ಸಣ್ಣ ಪೆಟ್ಟೂ ದೊಡ್ಡ ಅಪಾಯ ತಂದೀತು. ಆದ್ದರಿಂದ ವೈದ್ಯರು ಒಪ್ಪುವವರೆಗೆ ಬೈಕು, ಟ್ರ್ಯಾಕ್ಟರು ಓಡಿಸಬೇಡಿ. ಮರ, ಏಣಿ ಹತ್ತಬೇಡಿ. ಮಕ್ಕಳು ಕಬಡ್ಡಿ, ಕ್ರಿಕೆಟ್ ಆಡುವುದು ಬೇಡ. ಬೆಟ್ಟಕ್ಕೆ ಕಾಲ್ನಡಿಗೆಯ ಹರಕೆ ಇದ್ದರೆ ಮುಂದಿನ ಜಾತ್ರೆಗೆ ತೀರಿಸಿದರಾಯಿತು.

ಮದ್ಯ ಮುಟ್ಟಬೇಡಿ. ನಿದ್ರೆಮಾತ್ರೆ, ಆಸ್ಪಿರಿನ್, ಡೈಕ್ಲೋಫಿನಾಕ್‌ಗಳನ್ನು ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ. ಹೃದಯಕ್ಕೆಂದು ವೈದ್ಯರೇ ಆಸ್ಪಿರಿನ್ ಬರೆದಿದ್ದರೆ ಅವರನ್ನು ಕೇಳದೆ ನಿಲ್ಲಿಸಲೂ ಬೇಡಿ. ಮೊದಲ ಎರಡು ದಿನ ಟಿ.ವಿ., ಮೊಬೈಲು ಕಡಿಮೆ ಮಾಡಿ. ಮಗ್ಗದ ಮುಂದೆ ಕುಳಿತು ಎಳೆ ನೋಡುವ ಕೆಲಸ ತಲೆನೋವು ಹೆಚ್ಚಿಸಿದರೆ ನಿಲ್ಲಿಸಿ, ಸ್ವಲ್ಪಸ್ವಲ್ಪವಾಗಿ ಮತ್ತೆ ಶುರು ಮಾಡಿ.

ಹಾಗೆಂದು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗುವುದೂ ತಪ್ಪು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಕ್ರೀಡಾವೈದ್ಯ ತಜ್ಞರ ಸಮ್ಮೇಳನವೂ ಒಂದೆರಡು ದಿನದ ವಿಶ್ರಾಂತಿಯ ನಂತರ ಹಗುರವಾದ ನಡಿಗೆಯೇ ಒಳ್ಳೆಯದೆಂದಿತು. "ನಿದ್ದೆ ಮಾಡಲು ಬಿಡಬೇಡಿ" ಎಂಬ ಮಾತನ್ನೂ ನಂಬಬೇಡಿ. ವೈದ್ಯರು ನೋಡಿ ಮನೆಗೆ ಕಳಿಸಿದ ಮೇಲೆ ನಿದ್ದೆಯೇ ಔಷಧಿ. ಮೊದಲ ರಾತ್ರಿ ಮಾತ್ರ ಒಬ್ಬರು ಜೊತೆಗಿರಲಿ.

ಮೇಲಿಂದ ಮೇಲೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಮಾತು ತೊದಲುವುದು, ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಗುಣವಾಗಿ ಮತ್ತೆ ಬೈಕು ಹತ್ತುವಾಗ ಹೆಲ್ಮೆಟ್ ಮರೆಯದಿರಿ. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಅದು ಕಡ್ಡಾಯ. ಕೆಲಸ ನಾಲ್ಕು ದಿನ ಕಾದೀತು. ಮಿದುಳಿಗೆ ಬದಲಿ ಇಲ್ಲ.